ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್ ಯಾಕೆ ಬೇಡ? ದೀರ್ಘ ಓಟಗಳ ನೂರು ವರ್ಷ ಹೇಳುವುದೇನು

ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ ಹಾದು ಬೇತಮಂಗಲದ ತನಕ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಸಿದ್ಧವಾಗಿದೆ. ಕರ್ನಾಟಕದ ಪಾಲಿನ ಈ 71 ಕಿ.ಮೀ. ಉಳಿದ ಭಾಗಕ್ಕಿಂತ ಮೊದಲೇ ವಾಹನಗಳಿಗೆ ತೆರೆದುಕೊಂಡಿತು. ಕಾರು, ಲಾರಿ ಓಡಬಹುದು. ಬೈಕ್‌ಗೆ ಪ್ರವೇಶ ಇಲ್ಲ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗೊಂದು ಟೂವೀಲರ್ ಇದೆ, ಕಾರು ಇರುವುದು ಕೆಲವರ ಬಳಿ ಮಾತ್ರ. ಹಾಗಾಗಿ ಪ್ರಶ್ನೆ ಏಳುವುದು ಸಹಜ. ನಮ್ಮ ಹೊಲಗಳ ಮೇಲೆ ಹಾದು ಹೋಗುವ ರಸ್ತೆ ನಮಗೇ ಇಲ್ಲ ಅಂದರೆ ಹೇಗೆ?

ಇದರ ಪಕ್ಕದಲ್ಲೇ ಇನ್ನೊಂದು ಗೊಂದಲವೂ ಇದೆ. ಅಗಲವಾದ ಖಾಲಿ ರಸ್ತೆ ಕಂಡರೆ ಗಾಡಿ ಎಷ್ಟು ಓಡುತ್ತೆ ನೋಡೋಣ ಅನ್ನುವ ಹುಡುಗರು ಎಲ್ಲ ಕಡೆ ಇದ್ದಾರೆ. ಚಿಕ್ಕಬಳ್ಳಾಪುರದ ನಂದಿ ಬೆಟ್ಟದ ದಾರಿ ಶನಿವಾರ, ಭಾನುವಾರ ಬೆಳಗಿನ ಜಾವ ಇದಕ್ಕೇ ಹೆಸರಾಗಿದೆ. ಪೊಲೀಸರು ಹಿಡಿದು ಕೇಸು ಹಾಕಿದಾಗ ಅವರಿಂದ ಬರುವ ವಾದವನ್ನು ತಳ್ಳಿಹಾಕುವಂತಿಲ್ಲ. ಫ್ರಾನ್ಸ್‌ನ ಲೆ ಮಾನ್‌ನಲ್ಲಿ ಜನ ದಿನವೂ ಓಡಾಡುವ ರಸ್ತೆಯಲ್ಲೇ 24 ಗಂಟೆ ರೇಸ್ ನಡೆಯುತ್ತೆ ಅಲ್ವಾ? 2024ರಲ್ಲಿ ಚೆನ್ನೈ ಊರೊಳಗೇ ರಾತ್ರಿ ಹೊತ್ತು ರೇಸ್ ಮಾಡಿತಲ್ಲ? ಅಲ್ಲಿ ಸರಿಯಾದದ್ದು ಇಲ್ಲಿ ಯಾಕೆ ತಪ್ಪು?

ಎರಡು ಉದಾಹರಣೆಯೂ ನಿಜ. ಆದರೆ ಲೆ ಮಾನ್‌ನಂಥ ದೀರ್ಘ ಓಟಗಳು, ಅಂದರೆ ಎಂಡ್ಯೂರೆನ್ಸ್ ರೇಸ್‌ಗಳು, ಇವತ್ತಿನ ರೂಪಕ್ಕೆ ಬಂದದ್ದು ಹೇಗೆ ಅಂತ ನೋಡಿದರೆ ಎಕ್ಸ್‌ಪ್ರೆಸ್‌ವೇ ಪ್ರಶ್ನೆಗೂ ಉತ್ತರ ಅಲ್ಲೇ ಸಿಗುತ್ತದೆ. ಒಂದೇ ರಸ್ತೆಯಲ್ಲಿ ಬೇರೆ ಬೇರೆ ವೇಗದ ಗಾಡಿಗಳು ಸೇರಿದಾಗ ಏನಾಗುತ್ತದೆ ಅನ್ನುವುದನ್ನು ಆ ಓಟಗಳು ಜನರ ಜೀವ ಕಳೆದುಕೊಂಡೇ ಕಲಿತವು.

ಊರೂರು ದಾಟಿ ಓಡುತ್ತಿದ್ದ ಕಾಲ

ಕಾರು ಹುಟ್ಟಿದ ಹೊಸದರಲ್ಲಿ ಟ್ರ್ಯಾಕ್ ಅನ್ನುವುದೇ ಇರಲಿಲ್ಲ. ಒಂದು ಊರಿಂದ ಇನ್ನೊಂದು ಊರಿಗೆ ಓಡುವುದೇ ರೇಸು. 1895ರಲ್ಲಿ ಪ್ಯಾರಿಸ್‌ನಿಂದ ಬೋರ್ಡೊಗೆ ಹೋಗಿ ವಾಪಸ್ ಬರುವ ಓಟ ನಡೆಯಿತು. ಎಮಿಲ್ ಲೆವಾಸೋರ್ ಅನ್ನುವವರು ಸುಮಾರು 1,180 ಕಿ.ಮೀ. ದೂರವನ್ನು 48 ಗಂಟೆ 48 ನಿಮಿಷದಲ್ಲಿ ಮುಗಿಸಿದರು. ಸರಾಸರಿ ವೇಗ ಗಂಟೆಗೆ 24 ಕಿ.ಮೀ. ಇವತ್ತು ಸೈಕಲ್ ತುಳಿಯುವವರೂ ಇಷ್ಟು ವೇಗದಲ್ಲಿ ಹೋಗುತ್ತಾರೆ. ರಸ್ತೆಯಲ್ಲಿದ್ದ ಕುದುರೆ ಗಾಡಿಗೂ ಈ ಕಾರಿಗೂ ಹೇಳಿಕೊಳ್ಳುವಂಥ ಅಂತರವೇ ಇರಲಿಲ್ಲ.

ಎಂಟು ವರ್ಷ ಕಳೆಯುವಷ್ಟರಲ್ಲಿ ಕಥೆ ಬದಲಾಯಿತು. 1903ರ ಪ್ಯಾರಿಸ್–ಮ್ಯಾಡ್ರಿಡ್ ಓಟದ ಹೊತ್ತಿಗೆ ಕಾರುಗಳು 100 ಕಿ.ಮೀ. ದಾಟಿದ್ದವು. ರಸ್ತೆ ಮಾತ್ರ ಹಳೆಯದೇ. ಜನ ದಾರಿಗೆ ಇಳಿದು ನೋಡುತ್ತಿದ್ದರು. ದೂಳಿನಲ್ಲಿ ಮುಂದೇನಿದೆ ಅನ್ನುವುದೇ ಕಾಣುತ್ತಿರಲಿಲ್ಲ. ಮೊದಲ ದಿನವೇ ಹಲವರು ಸತ್ತರು. ರೆನೊ ಕಂಪನಿ ಕಟ್ಟಿದ ಸಹೋದರರಲ್ಲಿ ಒಬ್ಬರಾದ ಮಾರ್ಸೆಲ್ ರೆನೊ ಕೂಡ ಆ ಓಟಕ್ಕೇ ಬಲಿಯಾದರು. ಫ್ರೆಂಚ್ ಸರ್ಕಾರ ಬೋರ್ಡೊದಲ್ಲಿ ಓಟ ನಿಲ್ಲಿಸಿತು. ಉಳಿದ ಕಾರುಗಳನ್ನು ಕುದುರೆ ಕಟ್ಟಿ ರೈಲ್ವೆ ಸ್ಟೇಷನ್‌ಗೆ ಎಳೆಸಿತು.

ಅಲ್ಲಿಂದ ಮುಂದೆ ರಸ್ತೆ ಬಂದ್ ಮಾಡಿ ಓಡಿಸುವ ಪದ್ಧತಿ ಗಟ್ಟಿಯಾಯಿತು. 1907ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ರೇಸ್‌ಗೆಂದೇ ಕಟ್ಟಿದ ಟ್ರ್ಯಾಕ್ ಬಂತು. ಅದೇ ವರ್ಷ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಟಿಟಿ ಬೈಕ್ ರೇಸ್ ಶುರುವಾಯಿತು. ಬ್ರಿಟನ್ನಿನಲ್ಲಿ ರೇಸ್‌ಗಾಗಿ ರಸ್ತೆ ಮುಚ್ಚಲು ಕಾನೂನು ಬಿಡುತ್ತಿರಲಿಲ್ಲ. ಆ ದ್ವೀಪಕ್ಕೆ ತನ್ನದೇ ಕಾನೂನು ಇದ್ದದ್ದರಿಂದ ಅಲ್ಲಿಗೆ ಹೋದರು.

ಗಾಡಿ ಬಾಳುತ್ತಾ ಅನ್ನುವ ಪರೀಕ್ಷೆ

ಲೆ ಮಾನ್‌ನ 24 ಗಂಟೆಯ ಓಟ 1923ರ ಮೇ ತಿಂಗಳಲ್ಲಿ ಮೊದಲ ಬಾರಿ ನಡೆಯಿತು. ಯಾರ ಗಾಡಿ ಜೋರಾಗಿ ಓಡುತ್ತೆ ಅನ್ನುವುದಕ್ಕಿಂತ ಯಾರ ಗಾಡಿ ಬೆಳಗಿನ ತನಕ ಕೆಡದೆ ಓಡುತ್ತೆ ಅನ್ನುವುದನ್ನು ನೋಡುವುದು ಅದರ ಉದ್ದೇಶ. ರಾತ್ರಿ ಹೆಡ್‌ಲೈಟ್ ಉರಿಯಬೇಕು, ಎಂಜಿನ್ ಕಾಯಬಾರದು, ಬ್ರೇಕ್ ಸೋಲಬಾರದು. ಆ ವರ್ಷದ ಒಂದು ಘಟನೆ ಓದಿದರೆ ರಸ್ತೆ ಹೇಗಿತ್ತು ಅಂತ ಗೊತ್ತಾಗುತ್ತದೆ. ಜಲ್ಲಿ ಎದ್ದು ಬಡಿದು ಒಂದು ಬೆಂಟ್ಲಿ ಕಾರಿನ ಪೆಟ್ರೋಲ್ ಟ್ಯಾಂಕ್ ತೂತಾಯಿತು. ಚಾಲಕ ಕಾರನ್ನು ದಾರಿಯಲ್ಲೇ ಬಿಟ್ಟು ಪಿಟ್‌ಗೆ, ಅಂದರೆ ಕಾರಿಗೆ ಪೆಟ್ರೋಲ್ ಹಾಕಿ ರಿಪೇರಿ ಮಾಡುವ ಜಾಗಕ್ಕೆ, ಓಡಿ ಬಂದ. ಅವನ ಜೊತೆಗಾರ ಪೆಟ್ರೋಲ್ ಹೊತ್ತುಕೊಂಡು ಸೈಕಲ್ ಏರಿ ಕಾರು ನಿಂತ ಜಾಗಕ್ಕೆ ಹೋದ. ತೂತು ಮುಚ್ಚಿ ಮತ್ತೆ ಓಡಿಸಿದರು.

ಬೈಕ್‌ನವರು ಇದಕ್ಕೂ ಒಂದು ವರ್ಷ ಮುಂದಿದ್ದರು. 1922ರಲ್ಲೇ ಫ್ರಾನ್ಸ್‌ನಲ್ಲಿ ಬೋಲ್ ದೋರ್ ಅನ್ನುವ 24 ಗಂಟೆಯ ಓಟ ಶುರುವಾಗಿತ್ತು. ಆಗ ಒಬ್ಬನೇ ಸವಾರ ಇಡೀ 24 ಗಂಟೆ ಓಡಿಸಬೇಕಿತ್ತು. 1978ರಲ್ಲಿ ಜಪಾನಿನ ಸುಝುಕಾದಲ್ಲಿ 8 ಗಂಟೆಯ ಓಟ ಬಂತು. ಸುಡುವ ಬೇಸಿಗೆಯಲ್ಲಿ ನಡೆಯುವ ಆ ಓಟವನ್ನು ಜಪಾನಿನ ಬೈಕ್ ಕಂಪನಿಗಳು ಇವತ್ತಿಗೂ ಮಾನದ ಪ್ರಶ್ನೆ ಮಾಡಿಕೊಂಡಿವೆ. ಕೋಲಾರದ ನರಸಾಪುರದಲ್ಲಿ 2013ರಿಂದ ಗಾಡಿ ತಯಾರಿಸುತ್ತಿರುವ ಹೋಂಡಾ ಅಲ್ಲಿ ಎಲ್ಲರಿಗಿಂತ ಜಾಸ್ತಿ ಸಲ ಗೆದ್ದಿದೆ.

ಈ ಓಟಗಳಿಂದ ನಮ್ಮ ಗಾಡಿಗಳಿಗೆ ಇಳಿದು ಬಂದದ್ದೂ ಇದೆ. 1953ರಲ್ಲಿ ಜಾಗ್ವಾರ್ ಡಿಸ್ಕ್ ಬ್ರೇಕ್ ಹಾಕಿಕೊಂಡು ಲೆ ಮಾನ್ ಗೆದ್ದ ಮೇಲೆ ಆ ಬ್ರೇಕ್‌ನ ಬಗ್ಗೆ ಯಾರಿಗೂ ಅನುಮಾನ ಉಳಿಯಲಿಲ್ಲ. ಇವತ್ತು ನರಸಾಪುರದ ಶೋರೂಮ್‌ನಲ್ಲಿ ನಿಂತ ಬೈಕಿನ ಮುಂದಿನ ಚಕ್ರದಲ್ಲೂ ಅದನ್ನು ನೋಡಬಹುದು.

1955ರ ಜೂನ್ 11

ಎಕ್ಸ್‌ಪ್ರೆಸ್‌ವೇ ವಾದವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಒಂದು ದಿನವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಆಗ ಲೆ ಮಾನ್‌ನಲ್ಲಿ ಪಿಟ್‌ಗೆ ಬೇರೆ ದಾರಿ ಇರಲಿಲ್ಲ. ಓಡುವ ರಸ್ತೆಯ ಬಲ ಅಂಚಿಗೇ ಪಿಟ್. ನಡುವೆ ಗೋಡೆಯೂ ಇಲ್ಲ, ಕಂಬಿಯೂ ಇಲ್ಲ. ಓಟ ಶುರುವಾಗಿ ಎರಡು ಗಂಟೆ ದಾಟಿತ್ತು. ಮುಂದಿದ್ದ ಮೈಕ್ ಹಾಥಾರ್ನ್ ಅವರ ಜಾಗ್ವಾರ್, ನಿಧಾನದ ಆಸ್ಟಿನ್-ಹೀಲಿ ಕಾರೊಂದನ್ನು ಹಿಂದೆ ಹಾಕಿ, ಪಿಟ್‌ಗೆ ಹೋಗಲು ಬಲಕ್ಕೆ ಬಂದು ಬ್ರೇಕ್ ಒತ್ತಿತು. ಡಿಸ್ಕ್ ಬ್ರೇಕ್ ಆದ್ದರಿಂದ ವೇಗ ತಟ್ಟನೆ ಇಳಿಯಿತು. ಹಿಂದಿದ್ದ ಆಸ್ಟಿನ್-ಹೀಲಿಯ ಲಾನ್ಸ್ ಮ್ಯಾಕ್ಲಿನ್ ಗುದ್ದುವುದನ್ನು ತಪ್ಪಿಸಲು ಎಡಕ್ಕೆ ಎಳೆದರು. ಎಡದಲ್ಲಿ ಸುಮಾರು 240 ಕಿ.ಮೀ. ವೇಗದಲ್ಲಿ ಬರುತ್ತಿತ್ತು ಪಿಯೆರ್ ಲೆವೆಗ್ ಅವರ ಮರ್ಸಿಡಿಸ್.

ಮರ್ಸಿಡಿಸ್ ಆ ಕಾರಿನ ಹಿಂಭಾಗದ ಇಳಿಜಾರನ್ನು ಹತ್ತಿ ಮೇಲಕ್ಕೆ ಹಾರಿತು. ದಿಬ್ಬಕ್ಕೆ ಬಡಿದು ಒಡೆಯಿತು. ಎಂಜಿನ್ ಮತ್ತು ಮುಂದಿನ ಭಾಗಗಳು ಜನರ ನಡುವೆ ಹಾರಿಹೋದವು. ಲೆವೆಗ್ ಜೊತೆಗೆ 80ಕ್ಕೂ ಹೆಚ್ಚು ಪ್ರೇಕ್ಷಕರು ಸತ್ತರು. ಕಾರು ರೇಸ್‌ಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ದುರಂತ ಇಲ್ಲ. ಸ್ವಿಟ್ಜರ್ಲೆಂಡ್ ಸರ್ಕ್ಯೂಟ್ ರೇಸ್‌ಗಳನ್ನೇ ನಿಷೇಧಿಸಿತು, ಆ ನಿಷೇಧ ದಶಕಗಳ ಕಾಲ ಉಳಿಯಿತು. ಮರ್ಸಿಡಿಸ್ ಆ ವರ್ಷದ ಕೊನೆಗೆ ರೇಸ್ ಬಿಟ್ಟು ಹೋಯಿತು. ಮತ್ತೆ ಬಂದದ್ದು 1980ರ ದಶಕದಲ್ಲಿ.

ಇಲ್ಲಿ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿ. ಮೂವರೂ ನುರಿತ ಚಾಲಕರು. ರಸ್ತೆ ನೇರವಾಗಿತ್ತು. ಹಗಲು, ಒಳ್ಳೆಯ ಬೆಳಕು. ಕಾರುಗಳಲ್ಲಿ ದೋಷ ಇರಲಿಲ್ಲ. ಆದರೆ ಒಂದೇ ಜಾಗದಲ್ಲಿ ಮೂರು ಬೇರೆ ವೇಗಗಳು ಸೇರಿದ್ದವು. ಒಬ್ಬ ನಿಲ್ಲಲು ಹೊರಟಿದ್ದ, ಒಬ್ಬ ನಿಧಾನವಾಗಿದ್ದ, ಒಬ್ಬ ಪೂರ್ತಿ ವೇಗದಲ್ಲಿದ್ದ. ಮೂವರೂ 240ರಲ್ಲಿ ಹೋಗುತ್ತಿದ್ದರೆ ಇದು ಆಗುತ್ತಿರಲಿಲ್ಲ. ಕೊಂದದ್ದು ವೇಗದ ಅಂತರ.

ಎರಡು ವರ್ಷದ ನಂತರ ಇಟಲಿಯಲ್ಲಿ ಇನ್ನೊಂದು ಪಾಠ. ಅಲ್ಲಿನ ಮಿಲ್ಲೆ ಮಿಲ್ಯಾ ಓಟ ಊರುಗಳ ನಡುವೆ ಸಾವಿರ ಮೈಲಿ ಸಾಗುತ್ತಿತ್ತು. 1957ರಲ್ಲಿ ಒಂದು ಫೆರಾರಿಯ ಟೈರ್ ಒಡೆದು ಕಾರು ಜನರ ಮೇಲೆ ನುಗ್ಗಿತು. ಕಾರಿನಲ್ಲಿದ್ದ ಇಬ್ಬರು, ದಾರಿ ಬದಿ ನಿಂತ ಒಂಬತ್ತು ಮಂದಿ ಸತ್ತರು. ಅವರಲ್ಲಿ ಐವರು ಮಕ್ಕಳು. ವೇಗದ ಓಟವಾಗಿ ಮಿಲ್ಲೆ ಮಿಲ್ಯಾ ಅಲ್ಲಿಗೆ ಮುಗಿಯಿತು.

ಬಂಗಾರಪೇಟೆ ಬಳಿಯ ಲೆಕ್ಕ

ಈಗ ನಮ್ಮ ರಸ್ತೆಗೆ ಬರೋಣ. ಎಕ್ಸ್‌ಪ್ರೆಸ್‌ವೇ 120 ಕಿ.ಮೀ. ವೇಗಕ್ಕೆ ಕಟ್ಟಿದ ರಸ್ತೆ. ಆ ವೇಗದ ಕಾರು ಸೆಕೆಂಡಿಗೆ 33 ಮೀಟರ್ ಹೋಗುತ್ತದೆ. ಹಾಲಿನ ಕ್ಯಾನ್ ಕಟ್ಟಿಕೊಂಡು 40ರಲ್ಲಿ ಹೋಗುವ ಮೊಪೆಡ್ ಸೆಕೆಂಡಿಗೆ 11 ಮೀಟರ್. ನಡುವಿನ ಅಂತರ ಸೆಕೆಂಡಿಗೆ 22 ಮೀಟರ್. ಅಂದರೆ 200 ಮೀಟರ್ ದೂರದಲ್ಲಿ ಕಂಡ ಮೊಪೆಡ್ 9 ಸೆಕೆಂಡಿಗೆ ಬಂಪರ್ ಮುಂದೆ ಇರುತ್ತದೆ. ಹಗಲಲ್ಲಿ ಇದು ಸಾಕು. ರಾತ್ರಿ ಲೋ ಬೀಮ್ ಬೆಳಕಿನಲ್ಲಿ 50–60 ಮೀಟರ್ ಆಚೆ ಸರಿಯಾಗಿ ಕಾಣುವುದಿಲ್ಲ. ಹಿಂದಿನ ದೀಪ ಉರಿಯದ ಗಾಡಿಯಾದರೆ ಚಾಲಕನಿಗೆ ಉಳಿಯುವುದು ಎರಡು ಮೂರು ಸೆಕೆಂಡು. ನೋಡಿ, ಅರ್ಥ ಮಾಡಿಕೊಂಡು, ಕಾಲು ಬ್ರೇಕ್ ಮೇಲೆ ಇಡುವುದಕ್ಕೇ ಒಂದೂವರೆ ಸೆಕೆಂಡು ಬೇಕು.

ವೇಗ ಎರಡು ಪಟ್ಟಾದರೆ ಗುದ್ದಿನ ಶಕ್ತಿ ನಾಲ್ಕು ಪಟ್ಟು. ಕಾರಿನವನಿಗೆ ಬೆಲ್ಟ್ ಇದೆ, ಏರ್‌ಬ್ಯಾಗ್ ಇದೆ. ಬೈಕ್‌ನವನಿಗೆ ಹೆಲ್ಮೆಟ್ ಇದ್ದರೆ ಇದೆ. ಬೈಕ್ ನಿಷೇಧದ ಹಿಂದಿರುವ ತರ್ಕ ಇಷ್ಟೇ.

ಆದರೆ ಇದೇ ತರ್ಕ ಇನ್ನೊಂದು ಪ್ರಶ್ನೆಯನ್ನೂ ಎಬ್ಬಿಸುತ್ತದೆ. 120ರಲ್ಲಿ ಆರಾಮಾಗಿ ಓಡುವ ದೊಡ್ಡ ಬೈಕ್‌ನವರು, ನಮ್ಮಿಂದ ಯಾವ ಅಂತರ ಅಂತ ಕೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಯುರೋಪಿನ ಹಲವು ದೇಶಗಳ ವೇಗದ ಹೆದ್ದಾರಿಗಳಲ್ಲಿ ದೊಡ್ಡ ಬೈಕ್‌ಗೆ ಅವಕಾಶ ಇದೆ, ನಿಧಾನದ ಮೊಪೆಡ್‌ಗೆ ಇಲ್ಲ. ಆದರೆ ನಮ್ಮ ರಸ್ತೆಗಳಲ್ಲಿ ಎಲ್ಲ ಟೂವೀಲರ್‌ಗೂ ಒಂದೇ ನಿಯಮ ಹಾಕುವುದು ಜಾರಿ ಮಾಡಲು ಸುಲಭ. ಸಿಸಿ ನೋಡಿ ಬಿಡುವುದು ಮುಂದೊಂದು ದಿನ ಬರಬಹುದು, ಆದರೆ ಅದಕ್ಕೆ ಪ್ರತಿ ದ್ವಾರದಲ್ಲಿ ಕಾವಲು ಬೇಕು. ಸದ್ಯಕ್ಕೆ ಅದು ಕಾಣುತ್ತಿಲ್ಲ.

ಹಳ್ಳಿಯವರ ವಾದ ಇದಕ್ಕಿಂತ ಗಟ್ಟಿ. ಬೆಂಗಳೂರು–ಮೈಸೂರು ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್ ನಿಷೇಧಿಸಿದಾಗ ಪಕ್ಕದಲ್ಲೇ ಸರ್ವಿಸ್ ರಸ್ತೆ ಇತ್ತು. ಆದರೆ ಈ ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊಲ, ತೋಟಗಳ ನಡುವೆ ಹೊಸದಾಗಿ ಎಳೆದ ರಸ್ತೆ. ಹೊಸಕೋಟೆಯಿಂದ ಕೋಲಾರಕ್ಕೆ ನರಸಾಪುರದ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಇದೆ, ಸರಿ. ಆದರೆ ಎಕ್ಸ್‌ಪ್ರೆಸ್‌ವೇ ಆಚೆ ಈಚೆ ಹೊಲ ಇರುವ ರೈತನಿಗೆ ಅದರಿಂದ ಏನೂ ಉಪಯೋಗ ಇಲ್ಲ. ಅವನಿಗೆ ಬೇಕಾದದ್ದು ಹತ್ತಿರದ ಅಂಡರ್‌ಪಾಸ್ ಮತ್ತು ಪಕ್ಕದ ದಾರಿ. ಅದು ಇಲ್ಲದ ಕಡೆ ಜನ ಬೇಲಿ ದಾಟುತ್ತಾರೆ, ರಾಂಗ್ ಸೈಡ್‌ನಲ್ಲಿ ಬರುತ್ತಾರೆ. ಆಗ ಅಂತರ 33 ಕಳೆ 11 ಆಗಿ ಉಳಿಯುವುದಿಲ್ಲ, 33 ಕೂಡು 11 ಆಗುತ್ತದೆ. ನಿಷೇಧದ ಉದ್ದೇಶವೇ ತಲೆಕೆಳಗು.

ಲೆ ಮಾನ್ ಈಗ ಏನು ಮಾಡುತ್ತದೆ

ಹೌದು, ಲೆ ಮಾನ್‌ನ 13.6 ಕಿ.ಮೀ. ಸುತ್ತಿನಲ್ಲಿ ದೊಡ್ಡ ಭಾಗ ಇವತ್ತಿಗೂ ಸಾರ್ವಜನಿಕ ರಸ್ತೆಯೇ. ಓಟದ ದಿನಗಳಲ್ಲಿ ಅದನ್ನು ಪೂರ್ತಿ ಮುಚ್ಚುತ್ತಾರೆ. ಅಷ್ಟೇ ಆಗಿದ್ದರೆ ಹುಡುಗರ ವಾದ ಗೆಲ್ಲುತ್ತಿತ್ತು. ಆದರೆ ಮುಚ್ಚುವುದು ಮೊದಲ ಹೆಜ್ಜೆ ಮಾತ್ರ.

1955ರ ನಂತರ ಪಿಟ್ ಭಾಗವನ್ನು ಕೆಡವಿ ಮತ್ತೆ ಕಟ್ಟಿದರು, ಪ್ರೇಕ್ಷಕರನ್ನು ಹಿಂದಕ್ಕೆ ಸರಿಸಿದರು. ಮ್ಯುಲ್ಸಾನ್ ಅನ್ನುವ ಸುಮಾರು 6 ಕಿ.ಮೀ. ನೇರ ರಸ್ತೆಯಲ್ಲಿ 1988ರಲ್ಲಿ ಒಂದು ಕಾರು 400 ಕಿ.ಮೀ. ವೇಗ ದಾಟಿತು. ಎರಡೇ ವರ್ಷಕ್ಕೆ, 1990ರಲ್ಲಿ, ಆ ನೇರ ರಸ್ತೆಗೆ ಎರಡು ಕಡೆ ತಿರುವು ಹಾಕಿ ವೇಗ ಮುರಿದರು. ಜಗತ್ತಿನ ಅತಿ ಹೆಸರಾದ ರೇಸ್, ತನ್ನ ರಸ್ತೆಯನ್ನು ಬೇಕೆಂದೇ ನಿಧಾನ ಮಾಡಿಕೊಂಡಿತು.

ಇನ್ನೂ ಮುಖ್ಯವಾದದ್ದು 2014ರಲ್ಲಿ ಬಂದ ನಿಯಮ. ಎಲ್ಲಾದರೂ ಅಪಘಾತ ಆದರೆ ಆ ಭಾಗವನ್ನು ನಿಧಾನ ವಲಯ ಅಂತ ಘೋಷಿಸುತ್ತಾರೆ. ಅಲ್ಲಿ 300ರಲ್ಲಿ ಓಡುವ ಕಾರೂ 80, ಅದಕ್ಕಿಂತ ಕೆಳದರ್ಜೆಯ ಕಾರೂ 80. ಎಲ್ಲರ ವೇಗ ಒಂದೇ. ಬೇರೆ ಬೇರೆ ವರ್ಗದ ಕಾರುಗಳು ಒಂದೇ ಓಟದಲ್ಲಿ ಇರುವುದರಿಂದ, ಹಿಂದೆ ವೇಗದ ಕಾರು ಬಂದರೆ ದಾರಿ ಬಿಡಿ ಅಂತ ನೀಲಿ ಬಾವುಟ ತೋರಿಸುತ್ತಾರೆ. ಸುತ್ತಿನ ಉದ್ದಕ್ಕೂ ಮಾರ್ಷಲ್‌ಗಳು, ಅಂದರೆ ಓಟದ ಸುರಕ್ಷತೆ ನೋಡಿಕೊಳ್ಳುವವರು, ನಿಂತಿರುತ್ತಾರೆ. 1955ರಲ್ಲಿ ಕಲಿತದ್ದನ್ನು ನಿಯಮವಾಗಿ ಬರೆದರೆ ಹೀಗೆ ಕಾಣುತ್ತದೆ.

ಸುಸ್ತು ಅನ್ನುವ ಶತ್ರು

ಅದೇ ಲೆವೆಗ್, 1955ಕ್ಕೆ ಮೂರು ವರ್ಷ ಮೊದಲು, ಇನ್ನೊಂದು ಕಾರಣಕ್ಕೆ ಹೆಸರಾಗಿದ್ದರು. 1952ರಲ್ಲಿ ಅವರು ಟಾಲ್ಬೋ ಕಾರನ್ನು ಜೊತೆಗಾರನಿಗೆ ಕೊಡದೆ ಒಬ್ಬರೇ ಸುಮಾರು 23 ಗಂಟೆ ಓಡಿಸಿದರು. ಮುಂದೆಯೇ ಇದ್ದರು. ಇನ್ನೇನು ಗೆದ್ದರು ಅನ್ನುವಾಗ ಎಂಜಿನ್ ಒಡೆಯಿತು. ನಿದ್ದೆಗಣ್ಣಿನಲ್ಲಿ ಗೇರ್ ತಪ್ಪಾಗಿ ಹಾಕಿದರು ಅಂತ ಕೆಲವರು, ಎಂಜಿನ್ ಮೊದಲೇ ಸೋತಿತ್ತು ಅಂತ ಕೆಲವರು. ಈಗ ಲೆ ಮಾನ್‌ನಲ್ಲಿ ಒಂದು ಕಾರಿಗೆ ಮೂವರು ಚಾಲಕರು. ಯಾರೂ 6 ಗಂಟೆಯ ಅವಧಿಯಲ್ಲಿ 4 ಗಂಟೆಗಿಂತ ಜಾಸ್ತಿ, ಒಟ್ಟಾರೆ 14 ಗಂಟೆಗಿಂತ ಜಾಸ್ತಿ ಓಡಿಸುವಂತಿಲ್ಲ. ಬೈಕ್ ಓಟಗಳಲ್ಲಿ ಸವಾರರು ಹೆಚ್ಚುಕಡಿಮೆ ಗಂಟೆಗೊಮ್ಮೆ ಬದಲಾಗುತ್ತಾರೆ.

ತಿರುಪತಿಗೆ ಹೋಗಿ ಅದೇ ರಾತ್ರಿ ಕೋಲಾರಕ್ಕೆ ವಾಪಸ್ ಬರುವ ಟ್ಯಾಕ್ಸಿಯ ಚಾಲಕನಿಗೆ, ತುಮಕೂರಿನ ಮೇಲೆ ಹುಬ್ಬಳ್ಳಿಗೆ ಹೊರಟ ಲಾರಿಯವನಿಗೆ ಇಷ್ಟು ವಿಶ್ರಾಂತಿ ಸಿಗುತ್ತಾ? ನೇರವಾದ, ತಿರುವಿಲ್ಲದ, ಅಂಗಡಿ ಮುಂಗಟ್ಟು ಇಲ್ಲದ ರಸ್ತೆ ನಿದ್ದೆಯನ್ನು ಇನ್ನೂ ಬೇಗ ತರುತ್ತದೆ. ಎಕ್ಸ್‌ಪ್ರೆಸ್‌ವೇ ಚರ್ಚೆಯಲ್ಲಿ ಬೈಕ್ ಬಗ್ಗೆ ಇಷ್ಟೊಂದು ಮಾತು ನಡೆದು, ಗಾಡಿ ನಿಲ್ಲಿಸಿ ಮಲಗುವ ಜಾಗದ ಬಗ್ಗೆ ಮಾತೇ ಇಲ್ಲದಿರುವುದು ದೊಡ್ಡ ಕೊರತೆ.

ಬೈಕ್‌ಗೆ ಮುಚ್ಚಿದ ರಸ್ತೆಯೂ ಸಾಲದು

ರಸ್ತೆ ಮುಚ್ಚಿದರೆ ಬೈಕ್ ರೇಸ್ ಸುರಕ್ಷಿತ ಅನ್ನುವವರು ಐಲ್ ಆಫ್ ಮ್ಯಾನ್ ನೋಡಬೇಕು. 60 ಕಿ.ಮೀ. ಉದ್ದದ ಆ ಸುತ್ತಿನಲ್ಲಿ ಮನೆ ಗೋಡೆ, ಕಂಬ, ಮರಗಳ ಪಕ್ಕದಲ್ಲೇ ಓಡುತ್ತಾರೆ. ಓಡಿಸುವವರು ಜಗತ್ತಿನ ಪಳಗಿದ ಸವಾರರು. ಆದರೂ ಇಲ್ಲಿಯವರೆಗೆ 250ಕ್ಕೂ ಹೆಚ್ಚು ಸವಾರರು ಅಲ್ಲಿ ಸತ್ತಿದ್ದಾರೆ. 1972ರಲ್ಲಿ ಒಬ್ಬ ಸವಾರ ಸತ್ತ ಮೇಲೆ ಜಿಯಾಕೊಮೊ ಅಗೋಸ್ಟಿನಿ ಅವರಂಥ ಚಾಂಪಿಯನ್ ಅಲ್ಲಿಗೆ ಬರುವುದನ್ನೇ ನಿಲ್ಲಿಸಿದರು. 1976ರ ನಂತರ ಅದು ವಿಶ್ವ ಚಾಂಪಿಯನ್‌ಶಿಪ್‌ನಿಂದ ಹೊರಬಿತ್ತು. ಬಿದ್ದ ಸವಾರ ಜಾರಿಕೊಂಡು ಹೋಗಲು ಖಾಲಿ ಜಾಗ ಇರಬೇಕು. ಟ್ರ್ಯಾಕ್‌ನಲ್ಲಿ ಅದು ಇರುತ್ತದೆ. ರಸ್ತೆಯಲ್ಲಿ, ಅದೂ ಎರಡೂ ಕಡೆ ಕಬ್ಬಿಣದ ಕಂಬಿ ಹಾಕಿದ ಎಕ್ಸ್‌ಪ್ರೆಸ್‌ವೇನಲ್ಲಿ, ಇರುವುದಿಲ್ಲ. ಕಾರನ್ನು ಕಾಪಾಡುವ ಕಂಬಿಯೇ ಬೈಕ್‌ನವನಿಗೆ ಯಮ.

ಬಿದ್ದ ಮೇಲೆ ಎಷ್ಟು ಬೇಗ ಸಹಾಯ ಬರುತ್ತದೆ ಅನ್ನುವುದೂ ಅಷ್ಟೇ ದೊಡ್ಡ ವಿಷಯ. ಡಕಾರ್ ರ‍್ಯಾಲಿಯನ್ನು ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್, 2021ರಲ್ಲಿ ಅದೇ ಓಟದಲ್ಲಿ ಸೌದಿ ಅರೇಬಿಯಾದ ಮರಳುಗಾಡಿನಲ್ಲಿ ಬಿದ್ದು ತೀವ್ರವಾಗಿ ಗಾಯಗೊಂಡರು. ಹಿಂದೆ ಬಂದ ಸವಾರ ತನ್ನ ಓಟ ಬಿಟ್ಟು ನಿಂತ. ಹೆಲಿಕಾಪ್ಟರ್ ಬಂದು ರಿಯಾದ್‌ನ ಆಸ್ಪತ್ರೆಗೆ ಒಯ್ದಿತು. ಅವರು ಬದುಕಿ ಚೇತರಿಸಿಕೊಂಡರು. ನಡುರಾತ್ರಿ ಎಕ್ಸ್‌ಪ್ರೆಸ್‌ವೇನಲ್ಲಿ ಗುಂಪು ಕಟ್ಟಿ ಓಡಿಸುವ ಹುಡುಗರ ಹಿಂದೆ ಅಂಥ ಯಾವ ವ್ಯವಸ್ಥೆಯೂ ಇಲ್ಲ.

ಕಾನೂನಿನಲ್ಲಿ ಇರುವ ಬಾಗಿಲು

ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಓದಿದರೆ ಒಂದು ವಿಷಯ ಗಮನಕ್ಕೆ ಬರುತ್ತದೆ. ಅದು ರೇಸನ್ನೇ ಅಪರಾಧ ಅನ್ನುವುದಿಲ್ಲ. ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಜಾಗದಲ್ಲಿ ಮಾಡುವ ರೇಸ್ ಅಪರಾಧ. 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ ಒಂದು ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಗಾಡಿ ಓಡಿಸಿದವನು ಅಪ್ರಾಪ್ತನಾದರೆ ಪೋಷಕರು ಅಥವಾ ಗಾಡಿಯ ಮಾಲೀಕರ ಮೇಲೆ ಬೇರೆ ಸೆಕ್ಷನ್ ಬೀಳುತ್ತದೆ. ಅದರಲ್ಲಿ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ.

ಒಪ್ಪಿಗೆ ಪಡೆದು ನಡೆಸುವ ಓಟ ನಮ್ಮಲ್ಲೂ ಹೊಸದಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ನಡೆಸುವ ಕೆ-1000 ರ‍್ಯಾಲಿ ತುಮಕೂರಿನ ಸುತ್ತಮುತ್ತ ನಡೆದಿದೆ. ರ‍್ಯಾಲಿಯಲ್ಲಿ ವೇಗದ ಲೆಕ್ಕ ಇರುವುದು ಮುಚ್ಚಿದ ದಾರಿಯ ಭಾಗಗಳಲ್ಲಿ ಮಾತ್ರ. ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಾಗ ಅದೇ ಚಾಲಕ ಎಲ್ಲರಂತೆ ಟ್ರಾಫಿಕ್ ನಿಯಮ ಪಾಲಿಸಬೇಕು. ಇದೇ ಸಂತೋಷ್ ಕೋಲಾರದಲ್ಲಿ ಆಫ್-ರೋಡ್ ಬೈಕ್ ಕಲಿಸುವ ಮೈದಾನ ಕಟ್ಟಿದ್ದಾರೆ. ದೀರ್ಘ ಓಟದ ದೊಡ್ಡ ಮಟ್ಟಕ್ಕೂ ನಮ್ಮ ಕಡೆಯವರು ತಲುಪಿದ್ದಾರೆ. 2012ರಲ್ಲಿ ಚೆನ್ನೈನ ಕರುಣ್ ಚಾಂಧೋಕ್, 2019ರಲ್ಲಿ ಬೆಂಗಳೂರಿನ ಅರ್ಜುನ್ ಮೈನಿ ಲೆ ಮಾನ್‌ನಲ್ಲಿ ಓಡಿಸಿದರು. ಇವರೆಲ್ಲ ಟ್ರ್ಯಾಕ್‌ನಲ್ಲಿ ಬೆಳೆದವರು.

ಮುಂದೆ ಏನಾಗಬಹುದು

ನಿಷೇಧ ಹಾಕಿ ಸುಮ್ನೆ ಕೂತರೆ ಎರಡು ಪರಿಣಾಮ ಖಚಿತ. ಊರಿನವರ ಓಡಾಟ ಬೇಲಿಯ ಸಂದಿಗಳಿಗೆ ಸರಿಯುತ್ತದೆ. ರೇಸ್ ಹುಡುಗರು ಕ್ಯಾಮೆರಾ ಇಲ್ಲದ ಕಡೆಗೆ, ನಂದಿ ಕಡೆಯ ಒಳದಾರಿಗಳಿಗೋ ತುಮಕೂರಿನ ರಿಂಗ್ ರೋಡ್‌ಗೋ ಹೋಗುತ್ತಾರೆ. ಆ ದಾರಿಗಳಲ್ಲಿ ಶಾಲೆ ಮಕ್ಕಳು, ದನಕರು, ಸೊಪ್ಪಿನ ಗಾಡಿ ಎಲ್ಲ ಇರುತ್ತವೆ. ಅಲ್ಲಿ ವೇಗದ ಅಂತರ ಎಕ್ಸ್‌ಪ್ರೆಸ್‌ವೇಗಿಂತ ಕೆಟ್ಟದಾಗಿರುತ್ತದೆ.

ಬೈಕ್ ನಿಷೇಧ ಸರಿ, ಆದರೆ ಅದರ ಜೊತೆ ಬರಬೇಕಾದ ಕೆಲಸಗಳು ಬಂದಿಲ್ಲ ಅನ್ನುವುದು ಈ ಲೇಖನದ ನಿಲುವು. ಅಂಡರ್‌ಪಾಸ್ ಮತ್ತು ಪಕ್ಕದ ದಾರಿ ಮೊದಲು ಆಗಬೇಕು. ಎರಡು ತುದಿಗಳ ನಡುವಿನ ಸರಾಸರಿ ವೇಗ ಹಿಡಿಯುವ ಕ್ಯಾಮೆರಾ ಹಾಕಿದರೆ ಕಾರಿನವರೂ ಒಂದೇ ವೇಗಕ್ಕೆ ಬರುತ್ತಾರೆ. ಚಾಲಕರು ನಿಂತು ಮಲಗಲು ಜಾಗ, ಬಂಗಾರಪೇಟೆ ಅಥವಾ ಕೆಜಿಎಫ್ ಹತ್ತಿರ ಅಪಘಾತದ ಗಾಯಕ್ಕೆ ತಕ್ಷಣ ಚಿಕಿತ್ಸೆ ಕೊಡುವ ವ್ಯವಸ್ಥೆ, ಇವೂ ಸೇರಬೇಕು.

ಓಡಿಸುವ ಆಸೆ ಇರುವವರಿಗೆ ದಾರಿ ಈಗಲೇ ಇದೆ. ಭಾರತೀಯ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳ ಒಕ್ಕೂಟ ಎಫ್‌ಎಂಎಸ್‌ಸಿಐ ಸ್ಪರ್ಧೆಯ ಲೈಸೆನ್ಸ್ ಕೊಡುತ್ತದೆ. ಟ್ರ್ಯಾಕ್‌ನಲ್ಲಿ ತರಬೇತಿ ಕೊಡುವ ಶಾಲೆಗಳಿವೆ. ಇದೇ ಎಕ್ಸ್‌ಪ್ರೆಸ್‌ವೇ ಮುಗಿಯುವುದು ತಮಿಳುನಾಡಿನ ಶ್ರೀಪೆರಂಬದೂರಿನಲ್ಲಿ. ಅಲ್ಲಿಂದ ಸ್ವಲ್ಪ ದೂರದ ಇರುಂಗಾಟ್ಟುಕೋಟೈನಲ್ಲಿ 1990ರ ದಶಕದಿಂದ ಮದ್ರಾಸ್ ಟ್ರ್ಯಾಕ್ ಇದೆ. ಬಿದ್ದರೆ ಜಾರಲು ಜಾಗ, ಬಾವುಟ ಹಿಡಿದ ಮಾರ್ಷಲ್, ನಿಂತಿರುವ ಆಂಬುಲೆನ್ಸ್, ಎಲ್ಲವೂ ಅಲ್ಲಿ ಸಿಗುತ್ತವೆ. ಕೋಲಾರದಿಂದ ಬಸ್ಸಿನಲ್ಲಿ ಹೊರಟರೂ ಅರ್ಧ ದಿನದ ದಾರಿ.